ನೆಲವನ್ನು ಮಾತಾಡಿಸುವ ಅಕ್ಕು ಟೀಚರ್

ಆ ಸದ್ದು ತ್ರಿವೇಣಿಯ ಕಿವಿ ಬಿಟ್ಟು ಹೋಗಲೊಲ್ಲದು. ಹತ್ತು ವರ್ಷದ ಮಗಳು ಧನುಶ್ರೀ ಭರತನಾಟ್ಯದ ಅಭ್ಯಾಸಕ್ಕೆಂದು ಕಾಲು ಮಡಿಸಿ ಅರ್ಧಕ್ಕೆ ಇಳಿದಾಗಲೆಲ್ಲ ಅವಳ ಎಡಮಂಡಿಯೊಳಗಿಂದ, ಒಣಕಡ್ಡಿ ಮುರಿದಂತೆ, ‘ಟಕ್’ ಎನ್ನುತ್ತಿತ್ತು. ಕುಕ್ಕರಿನ ಸೀಟಿಗಳ ನಡುವೆ, ಆಫೀಸಿನ ಮೀಟಿಂಗಿನ ನಡುವೆ, ಪುಣೆಯ ಖರಾಡಿ ಬೈಪಾಸಿನಲ್ಲಿ ವಾಹನಗಳೆಲ್ಲ ಒಂದಕ್ಕೊಂದು ಮೂಗು ತಾಗಿಸಿ ನಿಂತ ಹೊತ್ತಿನಲ್ಲಿ, ತ್ರಿವೇಣಿಗೆ ಆ ‘ಟಕ್’ ಮತ್ತೆ ಮತ್ತೆ ಕೇಳುತ್ತಿತ್ತು. ಮೊಬೈಲಿನಲ್ಲಿ ಹುಡುಕಿ ನೋಡಿದರೆ, ಹೆಸರು ಓದಿದರೇ ಜ್ವರ ಬರುವಂಥ ರೋಗಗಳೆಲ್ಲ ಮಗಳ ಒಂದೇ ಮಂಡಿಯಲ್ಲಿ ಬೀಡುಬಿಟ್ಟ ಹಾಗೆ ಕಾಣುತ್ತಿತ್ತು. ಗಂಡ ಬಸವಪ್ರಭು ಕುರಕುಂಭದ ಕಾರ್ಖಾನೆಯ ಬಸ್ಸು ಹಿಡಿಯುವ ಅವಸರದಲ್ಲಿ, “ಬೆಳಿಯೋ ಹುಡುಗ್ರ ಎಲುಬು ಹಂಗ ಸಪ್ಪಳ ಮಾಡ್ತಾವ, ಬಿಡು,” ಎಂದು ಬೂಟಿನ ಲೇಸು ಕಟ್ಟಿದ. ಅತ್ತೆ ಕಲ್ಲವ್ವ ಎಳ್ಳೆಣ್ಣೆಯ ಬಟ್ಟಲು ಹಿಡಿದು ಮೊಮ್ಮಗಳ ಬೆನ್ನು ಹತ್ತಿದರು. ಧನುಶ್ರೀ ಆಗ ಹೋಗುತ್ತಿದ್ದ ಡ್ಯಾನ್ಸ್ ಕ್ಲಾಸಿನವರು, “ಇನ್ನೂ ಕೆಳಗೆ ಕೂರಲಿ, ಮಂಡಿ ಇನ್ನೂ ಹೊರಗೆ ಹೋಗಲಿ, ಎಲ್ಲ ಸರಿಹೋಗುತ್ತೆ,” ಎಂದಿದ್ದರು. ಯಾರ ಮಾತೂ ತ್ರಿವೇಣಿಯ ಎದೆಯವರೆಗೆ ಇಳಿಯಲಿಲ್ಲ.

ಅಂಥ ದಿನಗಳ ಒಂದು ಭಾನುವಾರ, ಪುಣೆ ಕ್ಯಾಂಪಿನಲ್ಲಿ ಬಟ್ಟೆಬರೆ ಖರೀದಿ ಮುಗಿಸಿ, ಮನೆಮಂದಿಯೆಲ್ಲ ಮಂಗಳೂರು ಕಡೆಯ ಕಾಂತಪ್ಪನವರ ಹೋಟೆಲಿಗೆ ನುಗ್ಗಿದರು. ಹಳೆಯ ಕಟ್ಟಡ, ಎತ್ತರದ ಸೂರು, ಗಲ್ಲಾಪೆಟ್ಟಿಗೆಯ ಹಿಂದೆ ಅಂದು ಕಾಂತಪ್ಪನವರ ಬದಲು ಅವರ ತಂಗಿ ಕೂತಿದ್ದರು. ಐವತ್ತು ದಾಟಿದ ಎತ್ತರದ ಹೆಂಗಸು. ಏಪ್ರಿಲ್ಲಿನ ಬೇಗೆಯಲ್ಲೂ ಮೈಮೇಲೆ ತೋಳಿಲ್ಲದ ಬೂದುಬಣ್ಣದ ಉಣ್ಣೆಯ ಕೋಟು. ಅದರ ಕತ್ತರಿಸಿದ ತೋಳುಗಳು ಎಲ್ಲಿ ಹೋದವೆಂಬುದು, ಅವರು ಎದ್ದು ನಿಂತು ಸೀರೆಯ ನೆರಿಗೆ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ತಿಳಿಯಿತು: ಎರಡೂ ಮಂಡಿಗಳ ಮೇಲೆ ಕಾಲುಚೀಲದಂತೆ ಕೂತಿದ್ದವು. ಬಂದವರ ಮುಖವನ್ನು ಆಕೆ ನೋಡುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಿಂದ ಕತ್ತು ಹೊರಗೆ ಚಾಚಿ, ಬರುವವರ, ಹೋಗುವವರ ಪಾದಗಳನ್ನೇ ನೋಡುತ್ತಿದ್ದರು. ತ್ರಿವೇಣಿ ಬಿಲ್ಲಿನ ಹಣ ಕೊಡಲು ನಿಂತಾಗ ಆಕೆ ಹಣಕ್ಕೆ ಕೈಚಾಚಲಿಲ್ಲ.

“ಮಗು ಡ್ಯಾನ್ಸ್ ಮಾಡುವುದುಂಟಾ?”

“ಹೌದ್ರಿ. ನಿಮಗ ಹೆಂಗ ಗೊತ್ತಾತ್ರಿ?”

“ಕುರ್ಚಿಯಿಂದ ಏಳುವಾಗ ಎಡಗಾಲನ್ನು ಕಳ್ಳನ ಹಾಗೆ ಪಕ್ಕಕ್ಕೆ ಸರಿಸಿದಳು ನೋಡಿ. ನೋವನ್ನು ಬಚ್ಚಿಟ್ಟು ಅಭ್ಯಾಸ ಉಂಟು ಅವಳಿಗೆ. ಬಚ್ಚಿಡುವುದನ್ನು ಇಷ್ಟು ಚಂದ ಕಲಿಸುವುದು ಡ್ಯಾನ್ಸ್ ಕ್ಲಾಸಿನವರೇ. ಮೇಲೆ ಬನ್ನಿ ಮಾರಾಯ್ರೆ, ನೋಡುವ.”

ಬಿಲ್ಲನ್ನೂ ಹಣವನ್ನೂ ಗಲ್ಲಾಪೆಟ್ಟಿಗೆಯ ಮೇಲಿಟ್ಟು ತ್ರಿವೇಣಿ ಮಗಳ ಕೈ ಹಿಡಿದಳು. ತಿಂಗಳುಗಟ್ಟಲೆ ತಾನು ಯಾರಿಗೆ ಹೇಳಿದರೂ ಯಾರೂ ನಂಬದ ಸಂಗತಿಯನ್ನು ಈ ಅಪರಿಚಿತೆ ಒಂದು ದೋಸೆ ಮುಗಿಯುವಷ್ಟರಲ್ಲಿ ಕಂಡುಬಿಟ್ಟಿದ್ದಳು! ಭಯ ಹೋಗಿರಲಿಲ್ಲ, ಆದರೆ ಭಯಕ್ಕೆ ಮೊದಲ ಬಾರಿಗೆ ಜೊತೆ ಸಿಕ್ಕಿತ್ತು. ತ್ರಿವೇಣಿ ಮೆಟ್ಟಿಲುಗಳನ್ನು ಓಡುತ್ತಲೇ ಹತ್ತಿದಳು.

ಅಕ್ಕು ಟೀಚರ್ ಎಂದು ಕನ್ನಡದ ಮಕ್ಕಳೂ, ಅಕ್ಕು ತಾಈ, ಅಂದರೆ ಅಕ್ಕ, ಎಂದು ಮರಾಠಿಯ ಮಕ್ಕಳೂ ಕರೆಯುವ ಆಕೆಯ ಶಾಲೆ ಇದ್ದುದು ಹೋಟೆಲಿನ ಮೇಲಿನ ಅಂತಸ್ತಿನಲ್ಲಿ, ಕಾಲದಿಂದ ಕಪ್ಪುಗಟ್ಟಿದ ಸಾಗುವಾನಿ ಹಲಗೆಗಳ ಹಜಾರದಲ್ಲಿ. ಮೇಲೆ ಮಕ್ಕಳು ತಟ್ಟಿ ಕುಣಿದರೆ ಕೆಳಗೆ ಫ್ಯಾನುಗಳು ತೊನೆಯುತ್ತವೆ. “ಗಿರಾಕಿಗಳ ಸಾಂಬಾರಿಗೆ ಧೂಳು ಬೀಳ್ತದೆ, ಅಕ್ಕು!” ಎಂದು ಕಾಂತಪ್ಪ ಕೆಳಗಿನಿಂದ ಕೂಗಿದರೆ, “ಇಂಗು ಅಂತ ಹೇಳು, ಅಣ್ಣ!” ಎಂದು ಮೇಲಿನಿಂದ ಉತ್ತರ ಬರುತ್ತದೆ. ಊರಿನ ಯಾರ್‍ಯಾರೋ ಅಮೃತಶಿಲೆ ಹಾಸಿದ, ಗೋಡೆತುಂಬ ಕನ್ನಡಿಯಿರುವ ಸಭಾಂಗಣಗಳನ್ನು ಕೊಡುತ್ತೇವೆಂದು ಬಂದದ್ದಿದೆ. ಅಕ್ಕು ಟೀಚರ್ ಹೋಗಿ, ಅಲ್ಲಿನ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು, ವೈದ್ಯರು ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಆಲಿಸುವಂತೆ, ಗೆಣ್ಣಿನಿಂದ ನೆಲವನ್ನು ತಟ್ಟಿ ಆಲಿಸುತ್ತಾರೆ. ನೆಲ ಮಾತಾಡಿದರೆ ಸರಿ. ಮಾತಾಡದಿದ್ದರೆ, “ಇದು ಸತ್ತ ನೆಲ. ಮಕ್ಕಳು ಕೊಟ್ಟ ಪೆಟ್ಟನ್ನು ಇದು ಇಟ್ಟುಕೊಳ್ಳುವುದಿಲ್ಲ, ಅವರ ಕಾಲಿಗೇ ವಾಪಸು ಕೊಡ್ತದೆ,” ಎಂದು ಹೇಳಿ, ಕಾಫಿಯನ್ನೂ ಕುಡಿಯದೆ ಎದ್ದು ಬರುತ್ತಾರೆ. ಯಾರ ಮನೆಗೆ ಹೋದರೂ ಇದೇ ಚಾಳಿ. ಮದುವೆಮನೆಯಲ್ಲಿ ಮದುಮಗಳನ್ನು ನೋಡುವ ಮುನ್ನ ಮಂಟಪದ ಹಲಗೆಯನ್ನು ತಟ್ಟಿ, ಪುರೋಹಿತರಿಂದ ಬೈಸಿಕೊಂಡ ಕಥೆಯನ್ನು ಕಾಂತಪ್ಪ ಗಿರಾಕಿಗಳಿಗೆಲ್ಲ ಹೇಳುತ್ತಿರುತ್ತಾರೆ.

ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳೂ ಅವರ ಕಣ್ಣಿಗೆ ಗ್ರಂಥಗಳೇ. ಪಾಠಕ್ಕೆ ಮುನ್ನ ಒಂದೊಂದನ್ನೂ ಮಗುಚಿ ಅಟ್ಟೆ ನೋಡುತ್ತಾರೆ. ಹಿಮ್ಮಡಿಯ ಹೊರಬದಿ ಸವೆದಿದ್ದರೆ ಅದರ ಒಡತಿಗೆ ಅಂದು ಪಾದದ ಕಸರತ್ತು. ಒಳಬದಿ ಸವೆದಿದ್ದರೆ ಇನ್ನೊಂದು. ತ್ರಿವೇಣಿಯ ಚಪ್ಪಲಿಯನ್ನೂ ಅವರು ಬಿಡಲಿಲ್ಲ. “ಎರಡರ ಮುಂಭಾಗವೂ ಸವೆದಿದೆ. ನೀವು ನಡೆಯುವುದಲ್ಲ, ಎಲ್ಲಿಗೋ ಬೀಳ್ತಾ ಇದ್ದೀರಿ. ಮತ್ತೆ ಆ ಹೆಗಲುಗಳು ಕಿವಿಯ ಹತ್ತಿರ ಎಂತ ಮಾಡ್ತಾ ಉಂಟು? ಗುಟ್ಟು ಹೇಳ್ಲಿಕ್ಕೆ ಹೋದದ್ದಾ?” ಎಂದರು. ಮಕ್ಕಳು ಕಿಲಕಿಲ ನಕ್ಕವು. ತ್ರಿವೇಣಿ ನಾಚಿ ಹೆಗಲನ್ನು ಕೆಳಗಿಳಿಸಿದಳು. ಇಳಿಸಿದ ಮೇಲೆಯೇ, ಅವು ಇಷ್ಟು ದಿನ ಮೇಲಿದ್ದವೆಂಬುದು ಗೊತ್ತಾದದ್ದು.

ಧನುಶ್ರೀಯನ್ನು ಅವರು ಪರೀಕ್ಷಿಸಿದ ಬಗೆಯನ್ನು ತ್ರಿವೇಣಿ ಇಂದಿಗೂ ಕಣ್ಣರಳಿಸಿ ವರ್ಣಿಸುತ್ತಾಳೆ. ಮಗುವಿಗೆ ಅವರು ಕುಣಿ ಎನ್ನಲಿಲ್ಲ. ಸುಮ್ಮನೆ ನಿಲ್ಲಿಸಿದರು, ನಡೆಸಿದರು, ಅಂಗಾತ ಮಲಗಿಸಿ ತೊಡೆಯನ್ನು ಬಾಗಿಲಿನಂತೆ ನಿಧಾನಕ್ಕೆ ತೆರೆದು ಮುಚ್ಚಿದರು. ತರುಣಿಯಾಗಿದ್ದಾಗ ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿದ ಕೈ ಅದು. ಎಲ್ಲಿ ಒತ್ತಬೇಕೆಂಬುದಕ್ಕಿಂತ ಎಲ್ಲಿ ಒತ್ತಬಾರದೆಂಬುದು ಅದಕ್ಕೆ ಚೆನ್ನಾಗಿ ಗೊತ್ತು.

“ಸದ್ದಿಗೆ ಹೆದರಬೇಡಿ. ಸದ್ದು ನನ್ನ ಮಂಡಿಯಲ್ಲೂ ಉಂಟು, ನಿಮ್ಮದರಲ್ಲೂ ಇರಬಹುದು. ನೋವು ಉಂಟಾ, ಬಾವು ಉಂಟಾ, ಅದನ್ನು ನೋಡಬೇಕು. ಎಲುಬಿನ ಡಾಕ್ಟರಿಗೂ ಒಮ್ಮೆ ತೋರಿಸಿ, ನಾನು ಹೇಳಿದೆ ಅಂತ ಬಿಡಬೇಡಿ,” ಎಂದು ತ್ರಿವೇಣಿಗೆ ಹೇಳಿ, ಮಗುವಿನ ಕಡೆ ತಿರುಗಿದರು. “ನೋಯ್ತದಾ ಪುಟ್ಟಾ?”

“ಏನಿಲ್ರಿ ಟೀಚರ್.”

“ಅಗೋ! ಆ ಮಾತು ಇಲ್ಲಿ ನಡೆಯುವುದಿಲ್ಲ. ಈ ಹಜಾರದಲ್ಲಿ ‘ಏನಿಲ್ಲ’ ಅನ್ನುವುದು ಬೈಗುಳ. ಏನೋ ಉಂಟು, ಎಂತ ಉಂಟು ಅಂತ ಹೇಳಬೇಕು. ಉರಿ ಉಂಟಾ? ಬಿಗಿ ಉಂಟಾ? ಸೂಜಿ ಚುಚ್ಚಿದ ಹಾಗೆ ಉಂಟಾ? ಉರಿ, ಬಿಗಿ ಆದ್ರೆ ಮಾಂಸಖಂಡ ಕೆಲಸ ಮಾಡಿದ್ದು, ಒಳ್ಳೇದು. ಕೀಲೊಳಗೆ ಚುಚ್ಚಿದ್ರೆ ಅಲ್ಲೇ ನಿಲ್ಲಿಸಬೇಕು. ತಾಳ ಹೋಗ್ಲಿ, ಟೀಚರ್ ಹೋಗ್ಲಿ, ನಿಲ್ಲಿಸಬೇಕು.”

ಧನುಶ್ರೀ ಅಮ್ಮನತ್ತ ನೋಡಿ, ನೆಲ ನೋಡಿ, ಹೇಳಿದಳು: “ಚುಚ್ತದರಿ.”

ಯಾವ ರೋಗದ ಹೆಸರಿಗೂ ಇರದ ನಿಖರತೆ ಆ ಒಂದು ಮಾತಿಗಿತ್ತು. ತ್ರಿವೇಣಿಯ ಕಣ್ಣು ತುಂಬಿತು.

ಇಷ್ಟೆಲ್ಲಕ್ಕೂ ಕಾರಣ ಒಂದು ಪದ ಎಂದು ತಿಳಿದ ದಿನದ ಸಂಭ್ರಮವೇ ಬೇರೆ. ಭರತನಾಟ್ಯದ ಮೂಲಭಂಗಿ ಅರಮಂಡಿ. ಪಾದಗಳನ್ನು ಹೊರಕ್ಕೆ ತಿರುಗಿಸಿ, ಬೆನ್ನು ನೆಟ್ಟಗಿರಿಸಿ, ಅರ್ಧಕ್ಕೆ ಇಳಿಯುವುದು. ಡಾಕ್ಟರರು ಹೇಳಿದ ವಿಶ್ರಾಂತಿ ಮುಗಿಸಿ ಧನುಶ್ರೀ ತರಗತಿಗೆ ಬಂದ ಮೊದಲ ದಿನ ಅಕ್ಕು ಟೀಚರ್ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು, “ಮಂಡಿ ಎಲ್ಲುಂಟು, ತೋರಿಸಿ,” ಎಂದರು. ಧನುಶ್ರೀ ಮತ್ತು ಇತರ ಕನ್ನಡದ ಮಕ್ಕಳು ಮೊಣಕಾಲು ಮುಟ್ಟಿಕೊಂಡವು. ಇಂದೂ ಎಂಬ ಮರಾಠಿ ಹುಡುಗಿ ಮಾತ್ರ ತೊಡೆಯ ಮೇಲೆ ಫಟ್ಟನೆ ಬಡಿದು, “ಹೀ ಕಾಯ್ ಮಾಂಡೀ!” ಎಂದಳು. ಅವಳ ಭಾಷೆಯಲ್ಲಿ ತೊಡೆಗೆ ಅದೇ ಹೆಸರು.

ಗೋಡೆಬದಿಯ ಬೆಂಚಿನಿಂದ ಕಲ್ಲವ್ವ ತಡೆಯಲಾರದೆ ಹೇಳಿದರು: “ಮಂಡಿ ಇರೋದು ಬ್ಯಾಡಗಿಯೊಳಗರಿ ಬಾಯಾರ, ಮೆಣಸಿನಕಾಯಿ ಮಾರ್ತಾರಲ್ಲ! ಅರಮಂಡಿ ಅಂದ್ರ ಅರ್ಧ ಬಜಾರೇನ್ರಿ?”

ಹಜಾರವೆಲ್ಲ ನಗೆಯಲ್ಲಿ ಮುಳುಗಿತು. ಅಕ್ಕು ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡು, “ನಮ್ಮ ಊರಿನ ಕಡೆ ಮಂಡೆ ಅಂದ್ರೆ ತಲೆ, ಅಜ್ಜಿ! ನೋಡಿ ಮಕ್ಕಳೇ, ಒಂದು ಶಬ್ದ, ಎಷ್ಟು ಮನೆ! ಇದು ತಮಿಳಿನವರ ಭಂಗಿಯ ಹೆಸರು, ಅರ್ಧ ಕೂರುವುದು ಅಂತ. ನಾವು ಕನ್ನಡದವರು ಕೇಳಿದ್ದು ಅರ್ಧ ಮೊಣಕಾಲು ಅಂತ. ಹಾಗಾಗಿ ಭಾರವೆಲ್ಲ ಪಾಪದ ಮೊಣಕಾಲಿನ ಮೇಲೆ ಹಾಕಿದ್ದು! ಪಾದ ಒಂದು ಕಡೆ ನೋಡ್ತದೆ, ಮಂಡಿ ಇನ್ನೊಂದು ಕಡೆ. ನಡುವೆ ಅದು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ತದೆ. ಇಂದೂ ಮಾಡುವುದು ನೋಡಿ. ಮರಾಠಿಯ ಕಿವಿ ಅವಳನ್ನು ಉಳಿಸಿತು. ತೊಡೆ ಸೊಂಟಕ್ಕೆ ಸೇರುವಲ್ಲಿಂದ ತಿರುಗಬೇಕು. ಮೊಣಕಾಲು ಸುಮ್ಮನೆ ಕಾಲಿನ ಎರಡನೇ ಬೆರಳನ್ನು ನೋಡ್ತಾ ಬಗ್ಗಬೇಕು. ಸೊಂಟ ಎಷ್ಟು ತೆರೆದರೆ ಪಾದವೂ ಅಷ್ಟೇ. ಇನ್ನೊಬ್ಬಳನ್ನು ನೋಡಿ ಹೆಚ್ಚು ತೆರೆಯುವುದು ಕಳ್ಳತನ. ಮಂಡಿಗೆ ರಜೆ ಕೊಡಿ, ಮಂಡೆ ಓಡಿಸಿ!” ಎಂದರು.

ಅಂದಿನಿಂದ ಅಲ್ಲಿ ‘ಅರಮಂಡಿ’ ಎಂಬ ಪದಕ್ಕೆ ಪ್ರವೇಶವಿಲ್ಲ. “ಅರ್ಧ ಕೂರಿ” ಎನ್ನುತ್ತಾರೆ, ಅಷ್ಟೇ. ಕಣ್ಣು ಮುಚ್ಚಿಸಿ ನಿಲ್ಲಿಸಿ, ಪಾದದ ಯಾವ ಮೂಲೆಯಲ್ಲಿ ಭಾರವಿದೆ, ಉಸಿರು ಎಲ್ಲಿ ಸಿಕ್ಕಿಕೊಂಡಿದೆ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಕನ್ನಡಿಯಿಲ್ಲದ ಆ ಹಜಾರದಲ್ಲಿ ಮಕ್ಕಳು ತಮ್ಮನ್ನು ಒಳಗಿನಿಂದ ನೋಡಿಕೊಳ್ಳಲು ಕಲಿಯುತ್ತವೆ. ಮಳೆಗಾಲ ಬರುವ ಹೊತ್ತಿಗೆ ಒಂದು ಸಂಜೆ ಧನುಶ್ರೀ ಮೊದಲಿನಷ್ಟು ಆಳಕ್ಕಲ್ಲ, ತನ್ನ ಸೊಂಟ ಒಪ್ಪುವಷ್ಟೇ ಇಳಿದು, ನೆಟ್ಟನೆಯ ಬೆನ್ನಿನಲ್ಲಿ, ಮುಖದಲ್ಲಿ ಒಂದಿಷ್ಟೂ ಬಿಗಿಯಿಲ್ಲದೆ, ಹೆಜ್ಜೆಗಳ ಇಡೀ ಅಡವನ್ನು ನಿಧಾನ, ಮಧ್ಯಮ, ವೇಗ ಎಂಬ ಮೂರು ಕಾಲದಲ್ಲೂ ಮುಗಿಸಿದಳು. ಹಲಗೆಗಳು ಮೃದಂಗದಂತೆ ನುಡಿದವು. ಕೆಳಗಿನಿಂದ ಕಾಂತಪ್ಪ, “ಭೇಷ್! ಯಾರದು? ಸಾಂಬಾರು ಕುದೀತಾ ಉಂಟು!” ಎಂದು ಕೂಗಿದರು. ತ್ರಿವೇಣಿ ಬೆಂಚಿನ ಮೇಲಿನಿಂದ ಎದ್ದು ಮಗುವಿನಂತೆ ಚಪ್ಪಾಳೆ ತಟ್ಟಿದಳು.

ಟೀಚರ್ ಮೆಟ್ಟಿಲಿಳಿಯುವಾಗ ಮಾತ್ರ ಪಕ್ಕಕ್ಕೆ ತಿರುಗಿ, ಗೋಡೆ ಹಿಡಿದು, ಏಡಿಯ ಹಾಗೆ ಇಳಿಯುತ್ತಾರೆ. ಆ ಬಗ್ಗೆ ಅವರು ಏನೂ ಹೇಳುವುದಿಲ್ಲ. ಹೇಳಿದವರು ಕಾಂತಪ್ಪ, ಒಂದು ದಿನ ಕಾಫಿ ಆರಿಸಿಕೊಡುತ್ತ. ಹರೆಯದಲ್ಲಿ ತಂಗಿಯ ದೊಡ್ಡದೊಂದು ಕಾರ್ಯಕ್ರಮವಿತ್ತಂತೆ, ಮೊಸಾಯಿಕ್ ಹಾಸಿದ ವೇದಿಕೆಯಲ್ಲಿ. ಬಾತ ಮಂಡಿಗೆ ಬಟ್ಟೆ ಬಿಗಿದು ಮೇಲೆ ಗೆಜ್ಜೆ ಕಟ್ಟಿದಳಂತೆ. “ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದು. ಮರುದಿವಸ ಬೆಳಿಗ್ಗೆ ಅವಳಿಗೇ ಎದ್ದು ನಿಲ್ಲಲಿಕ್ಕೆ ಆಗಲಿಲ್ಲ. ಬೇಡ ಅನ್ನುವವರು ಒಬ್ಬರಾದ್ರೂ ಇರಬೇಕಿತ್ತು, ಅಲ್ವಾ? ಮುಂದಿನ ಸಾಲಿನಲ್ಲಿ ಕೂತು ನಾನೂ ಚಪ್ಪಾಳೆ ಹೊಡೆದೆ,” ಎಂದು ಲೋಟ ಮುಂದಿಟ್ಟರು.

ಗಣೇಶೋತ್ಸವ ಹತ್ತಿರ ಬಂತು. ಖರಾಡಿಯಲ್ಲಿ ತ್ರಿವೇಣಿಯ ಮನೆಯಿದ್ದ ಅಪಾರ್ಟ್‌ಮೆಂಟಿನ ಸಾಂಸ್ಕೃತಿಕ ಸಮಿತಿಯನ್ನು ನಡೆಸುವವಳು ಬೆಳಗಾವಿ ಕಡೆಯ ಸ್ನೇಹಲ್. ಅವಳಿಗೆ ಇಲ್ಲ ಎಂದವರು ಆ ಆವರಣದಲ್ಲಿ ಇನ್ನೂ ಹುಟ್ಟಿರಲಿಲ್ಲ. “ಧನೂದು ಸೋಲೋ ಇಟ್ಟೀನಿ, ತ್ರಿವೇಣಿ. ಎಲ್ಲಾ ಟವರ್‌ನವ್ರು ಬರ್ತಾರ. ಪಕ್ಕಾ ಮಾಡು,” ಎಂದು ಹೇಳಿಹೋಗಿದ್ದಳು. ಹಿಂದಿನ ವರ್ಷ ಕೊನೆಯ ಸಾಲಿನಲ್ಲಿ, ದಪ್ಪ ಹುಡುಗನೊಬ್ಬನ ಹಿಂದೆ ಕಾಣದೆ ಹೋಗಿದ್ದ ಧನುಶ್ರೀ ಈ ಸುದ್ದಿ ಕೇಳಿ ಮೂರು ಕೋಣೆಗಳಲ್ಲೂ ಕುಣಿದಾಡಿದಳು. ನೇರಳೆ ಬಣ್ಣದ ಉಡುಪು ಹೊಲಿದು ಬಂತು. ವೇದಿಕೆಯೆಂದರೆ ಉದ್ಯಾನದ ನಡುವಿನ ಗ್ರಾನೈಟ್ ಕಟ್ಟೆ. ತ್ರಿವೇಣಿ ಅದನ್ನು ದಿನಾ ನೋಡುತ್ತಿದ್ದಳು. ಒಂದು ಬೆಳಗ್ಗೆ ಅದರ ಮೇಲೆ ಕಾಲಿಟ್ಟು ತಟ್ಟಿ ನೋಡಿದಳು, ಕಲ್ಲು ಮಾತಾಡಲಿಲ್ಲ. ಒಪ್ಪಿಗೆಯನ್ನೂ ಹೇಳದೆ, ನಿರಾಕರಣೆಯನ್ನೂ ಹೇಳದೆ, “ನೋಡೋಣಂತ” ಎಂಬ ಮಾತಿನ ಹಿಂದೆ ಅಡಗಿ ದಿನ ದೂಡಿದಳು. ಕೊನೆಗೆ ಟೀಚರನ್ನೇ ಕರೆಸಿದಳು.

ಅಕ್ಕು ಟೀಚರ್ ಕ್ಯಾಂಪಿನಿಂದ ರಿಕ್ಷಾ ಹಿಡಿದು ಬಂದರು. ಅದೇ ಕೋಟು, ಅದೇ ಮಂಡಿಚೀಲಗಳು. ಕಟ್ಟೆಯ ಮೇಲೆ ಕುಕ್ಕುರುಗಾಲಲ್ಲಿ ಕೂರಲು ಆ ಮಂಡಿಗಳಿಗೆ ಅಂದು ಏನು ಬೆಲೆ ಬಿತ್ತೋ, ಮುಖದಲ್ಲಿ ತೋರಗೊಡಲಿಲ್ಲ. ತಟ್ಟಿದರು. ಕಿವಿಗೊಟ್ಟರು. ಎದ್ದು ಕೈ ಕೊಡವಿಕೊಂಡರು. ಅವರ ಬಾಯಿಂದ ಆಜ್ಞೆ ಹೊರಡುತ್ತದೆ, ತಾನು ಸ್ನೇಹಲ್‌ಗೆ “ಟೀಚರ್ ಬ್ಯಾಡ ಅಂದ್ರು” ಎಂದು ಹೇಳಿ ಪಾರಾಗಬಹುದು ಎಂದು ತ್ರಿವೇಣಿ ಕಾದಳು.

“ಟೀಚರ್, ಬ್ಯಾಡ ಅಂತೀರಲ್ರಿ?”

“ನಾನು ಅನ್ನುವುದಿಲ್ಲ.”

“ಅಂದ್ರ ಕುಣೀಬಹುದೇನ್ರಿ?”

“ಅದನ್ನೂ ಅನ್ನುವುದಿಲ್ಲ. ಸತ್ತ ನೆಲ ಅಂತ ನಿಮಗೂ ಗೊತ್ತುಂಟು, ಅದಕ್ಕೇ ನನ್ನನ್ನು ಇಷ್ಟು ದೂರ ಕರೆಸಿದ್ದು. ನೋಡಿ ಮಾರಾಯ್ತಿ, ನನಗೆ ಬೇಡ ಅನ್ನುವುದು ಭಾರೀ ಸುಲಭ, ಅಭ್ಯಾಸ ಆಗಿದೆ. ಆದ್ರೆ ಟೀಚರ್ ಹೇಳಿದ್ದಕ್ಕೆ ನಿಂತ ಮಗು ಟೀಚರ್ ಇಲ್ಲದಲ್ಲಿ ಕುಣಿದುಬಿಡ್ತದೆ. ಅಮ್ಮ ಜನರೆದುರು ಬೇಡ ಅಂದದ್ದನ್ನು ನೋಡಿದ ಮಗು ನಾಳೆ ತಾನೇ ಹೇಳ್ತದೆ. ಹೆಗಲು ಕೆಳಗೆ! ಮೊದಲು ಉಸಿರಾಡಿ.”

ಹಾಗೆಂದವರೇ ಧನುಶ್ರೀಯ ಗಲ್ಲ ಹಿಂಡಿ, ಕಲ್ಲವ್ವನವರ ಚಹಕ್ಕೂ ನಿಲ್ಲದೆ ರಿಕ್ಷಾ ಹತ್ತಿ ಹೊರಟೇಬಿಟ್ಟರು.

“ಮಮ್ಮಿ, ನನ್ನ ಸೋಲೋ...” ಎಂದ ಧನುಶ್ರೀ ಕಟ್ಟೆಯ ಮೇಲೆ ಹತ್ತಿ, ಒಮ್ಮೆ ಅರ್ಧ ಕೂತು, ಕಾಲು ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಕಣ್ಣೊರೆಸಿಕೊಳ್ಳುತ್ತ ತಾನೇ ಕೆಳಗಿಳಿದಳು. “ಹಿಮ್ಮಡದಾಗಿಂದ ಮ್ಯಾಲ ಬರ್ತದ ಮಮ್ಮಿ, ಪೆಟ್ಟು. ಚುಚ್ಚಿಲ್ಲ ಇನ್ನೂ. ಚುಚ್ತದ.”

ಆಗ ತ್ರಿವೇಣಿಗೆ ಏನಾಯಿತೋ, ಮಗಳ ಕೈಹಿಡಿದು ಕ್ಲಬ್‌ಹೌಸಿನತ್ತ ಓಡಿದಳು. ಪಾರ್ಟಿ ಹಾಲಿನ ನೆಲ ತಟ್ಟಿದರು: ಟೈಲ್ಸು, ಮೂಕ. ಜಿಮ್ಮಿನದು ತಟ್ಟಿದರು: ರಬ್ಬರಿನ ಕೆಳಗೆ ಕಾಂಕ್ರೀಟು, ಕಿವುಡು. ಮೊಬೈಲಿನಿಂದ ತಲೆಯೆತ್ತಿದ ಕಾವಲುಗಾರ, ಏನು ಕಳೆದುಕೊಂಡಿರಿ ಎಂದು ಮರಾಠಿಯಲ್ಲಿ ಕೇಳಿದ. ಹಿಂದೆಯೇ ಏದುಸಿರು ಬಿಡುತ್ತ ಬಂದ ಕಲ್ಲವ್ವ, “ನೆಲ ಕಳದೈತಿ, ತಮ್ಮಾ!” ಎಂದರು. ಬ್ಯಾಡ್ಮಿಂಟನ್ ಹಾಲಿನ ಬಾಗಿಲಿಗೆ ಬೀಗ ಹಾಕಿತ್ತು. ಗಾಜಿನಾಚೆ ಜೇನುಬಣ್ಣದ ಮರದ ಹಾಸು ಬೆಳಕಿನಲ್ಲಿ ಹೊಳೆಯುತ್ತಿತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಧನುಶ್ರೀ ಬೆರಳು ತೂರಿಸಿ ಹಲಗೆಯ ಅಂಚನ್ನು ತಟ್ಟಿದಳು. ಒಳಗೆಲ್ಲೋ ಟೊಳ್ಳಿನಲ್ಲಿ, ಗುಂಯ್ ಎಂದು, ನೆಲ ಓಗೊಟ್ಟಿತು. ಅಮ್ಮ, ಮಗಳು, ಅಜ್ಜಿ ಮೂವರೂ ಒಟ್ಟಿಗೇ ಕಿರುಚಿದರು.

ಕಲೆಯ ಲೋಕದಲ್ಲಿ ಅಕ್ಕು ಟೀಚರಂಥವರು ವಿರಳ. ಇದ್ದರೂ ಅವರ ಹೆಸರು ಆಮಂತ್ರಣಪತ್ರಿಕೆಗಳಲ್ಲಿ ಬರುವುದಿಲ್ಲ. ಅವರು ಹತ್ತರ ಹುಡುಗಿಯ ಕುಣಿತದಲ್ಲಿ ಅವಳ ಅರವತ್ತರ ನಡಿಗೆಯನ್ನು ಕಾಣುತ್ತಾರೆ. ದೇಹವನ್ನು ಗೆಲ್ಲಬೇಕಾದ ವೈರಿಯೆಂದು ಸಾರುವ ಸಾಧಕರ ನಡುವೆ, ಅದು ಮಾತು ಬಲ್ಲ ಒಡನಾಡಿ, ಕೇಳಿಸಿಕೊಳ್ಳಿ ಎಂದು ಹೇಳುತ್ತ ಜೀವ ಸವೆಸುತ್ತಾರೆ. ಅವರ ಸಾಧನೆಗೆ ಸಾಕ್ಷಿಯಿಲ್ಲ, ಏಕೆಂದರೆ ಆಗದೆ ಹೋದ ಪೆಟ್ಟಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಹರಿಯದೆ ಉಳಿದ ನರ, ಬಾತುಕೊಳ್ಳದೆ ಉಳಿದ ಕೀಲು ಯಾವ ಸಭೆಯಲ್ಲೂ ಎದ್ದು ನಿಂತು ವಂದಿಸುವುದಿಲ್ಲ. ಅಂಥವರ ಶಿಷ್ಯರು ಮುಪ್ಪಿನಲ್ಲೂ ಮೊಮ್ಮಕ್ಕಳ ಹಿಂದೆ ಓಡುತ್ತಾರೆ. ಯಾಕೆ ಓಡಬಲ್ಲೆವೆಂಬುದು ಅವರಿಗೇ ಮರೆತುಹೋಗಿರುತ್ತದೆ. ಇದೆಲ್ಲ ತ್ರಿವೇಣಿಗೆ ಮಾತುಗಳಾಗಿ ಹೊಳೆಯಲಿಲ್ಲ. ಅವಳು ಅಲ್ಲೇ, ಆ ಬೀಗದ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಇಷ್ಟು ದಿನ ಮುಂದೂಡಿದ ಕರೆಯನ್ನು ಮಾಡಿದಳು.

“ಸ್ನೇಹಲ್, ನಾ ತ್ರಿವೇಣಿ. ಧನು ಕಟ್ಟಿ ಮ್ಯಾಲ ಕುಣಿಯೂದಿಲ್ಲ.”

“ಅಗ ಬಾಈ! ಈಗೇನ ಹೇಳ್ತಿ? ಕಾರ್ಡ್ ಛಾಪಿಸೇವಿ, ಲೈಟಿನವರಿಗೆ ಹೇಳೇವಿ. ಯಾರು ಬ್ಯಾಡಂದ್ರು, ನಿಮ್ಮ ಟೀಚರ್ರ?”

“ಯಾರೂ ಅಲ್ಲ. ನಾ ಅನ್ನಾಕತ್ತೀನಿ. ಅಲ್ಲಿ ಬರೇ ಕಲ್ಲ ಅದ. ಹುಡುಗಿ ಮೊಣಕಾಲು ಹೋಗ್ತಾವ.”

“ಅಂದ್ರ ಐಟಂ ಕ್ಯಾನ್ಸಲ್?”

“ಕ್ಯಾನ್ಸಲ್ ಯಾಕ? ಬ್ಯಾಡ್ಮಿಂಟನ್ ಹಾಲಿನ ಕೀಲಿ ಯಾರ ಹತ್ರ ಅದ, ಅದನ್ನ ಹೇಳು.”

“ಹುಚ್ಚಿ ಇದ್ದೀಯೇನ? ಅಷ್ಟೂ ಮಂದಿ ಗಾರ್ಡನ್ನಾಗ ಕುಂತಿರ್ತಾರ, ಒಂದು ಡ್ಯಾನ್ಸಿನ ಸಲುವಾಗಿ ಎಲ್ಲಾರೂ ಎದ್ದು ಅಲ್ಲಿಗೆ ಬರಬೇಕಾ?”

ತ್ರಿವೇಣಿ ಮಗಳ ಮುಖ ನೋಡಿದಳು. ಧನುಶ್ರೀ ಅಮ್ಮನ ಬಾಯಿಯನ್ನೇ ನೋಡುತ್ತಿದ್ದಳು.

“ಹೌದು, ಬರ್ಲಿ,” ಎಂದಳು ತ್ರಿವೇಣಿ. “ನೋಡೋರಿಗೂ ಕಾಲು ಅದಾವಲ್ಲ.”